ಗ್ರಂಥಾಲಯದಿಂದ ಗೋಡೆಗೆ: ಬಿನೋದ್‌ಬಿಹಾರಿ ಮುಖರ್ಜಿಯವರ ಕಲಾಚರಿತ್ರೆ

ಆಧುನಿಕ ಭಾರತೀಯ ಚಿತ್ರಕಲೆಯ ಚರ್ಚೆಯಲ್ಲಿ ಬಿನೋದ್‌ಬಿಹಾರಿ ಮುಖರ್ಜಿಯವರ (1904–1980) ಹೆಸರು ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. ಐವತ್ತು ದಾಟಿದ ವಯಸ್ಸಿನಲ್ಲಿ ದೃಷ್ಟಿಯನ್ನು ಪೂರ್ತಿಯಾಗಿ ಕಳೆದುಕೊಂಡ ಚಿತ್ರಕಾರರೊಬ್ಬರು ಎದೆಗುಂದದೆ ಶಾಂತಿನಿಕೇತನಕ್ಕೆ ಮರಳಿದರು, ಅಲ್ಲಿಯ ಕಲಾಭವನದಲ್ಲಿ ಕಲಾಚರಿತ್ರೆಯನ್ನು ಬೋಧಿಸಿದರು, ಕತ್ತರಿ ಕಾಗದ ಹಿಡಿದು ಮತ್ತೆ ಚಿತ್ರಗಳನ್ನು ಮಾಡಿದರು ಎಂಬುದು ಆ ಕಥೆ. ಕಥೆ ಸುಳ್ಳಲ್ಲ. ಅವರ ಶಿಷ್ಯರಲ್ಲೊಬ್ಬರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಎಂಬ ಇಪ್ಪತ್ತು ನಿಮಿಷಗಳ ಸಾಕ್ಷ್ಯಚಿತ್ರ ಅದನ್ನು ಸಂಯಮದಿಂದ, ಗುರುವಿನ ಬಗೆಗಿನ ನಿಜವಾದ ಗೌರವದಿಂದ ನಿರೂಪಿಸಿದೆ. ನಿಖಿಲ್ ಬ್ಯಾನರ್ಜಿಯವರ ಸಿತಾರ್‌ವಾದನದೊಂದಿಗೆ ಮುಗಿಯುವ ಆ ಚಿತ್ರವನ್ನು ನೋಡಿದವರು ಮರೆಯುವುದು ಕಷ್ಟ.

ತೊಂದರೆಯಿರುವುದು ಚಿತ್ರದಲ್ಲಿ ಅಲ್ಲ, ಅದರ ಶೀರ್ಷಿಕೆ ಆಮೇಲೆ ಪಡೆದ ಆಯುಷ್ಯದಲ್ಲಿ. ‘ಒಳಗಣ್ಣು’ ಎಂಬ ರೂಪಕ ಬಿನೋದ್‌ಬಿಹಾರಿಯವರ ಬದುಕನ್ನು ನಡುವೆ ಸೀಳಿ ಎರಡು ಭಾಗ ಮಾಡಿಬಿಟ್ಟಿತು. ಒಂದು ಕಡೆ ಕಣ್ಣಿದ್ದ ಚಿತ್ರಕಾರ. ಇನ್ನೊಂದು ಕಡೆ ಕಣ್ಣಿಲ್ಲದ ಅಧ್ಯಾಪಕ. ಇಂಥ ವಿಭಜನೆಯಲ್ಲಿ ಕಲಾಚರಿತ್ರೆಯ ಬೋಧನೆ ಎಂಬುದು ಕುಂಚ ಕೈಬಿಟ್ಟವನಿಗೆ ದೊರೆತ ಸಮಾಧಾನದ ಹುದ್ದೆಯಂತೆ ತೋರುತ್ತದೆ. ನಮಗೆ ಇದು ಒಪ್ಪಿಗೆಯಾಗುವುದಿಲ್ಲ. ಬಿನೋದ್‌ಬಿಹಾರಿಯವರಲ್ಲಿ ಕಲಾಚರಿತ್ರೆಕಾರ ಹುಟ್ಟಿದ್ದು ಅಂಧತ್ವದಿಂದಲ್ಲ. ಅವರು ಚಿತ್ರಕಾರರಾದ ಕ್ರಮದಲ್ಲಿಯೇ ಆತ ಸೇರಿದ್ದ. ಆತನ ಪ್ರಧಾನ ಕೃತಿ 1947ರಲ್ಲಿ ಗೋಡೆಯ ಮೇಲೆ ಮುಗಿದಿತ್ತು. ಮುಂದೆ ತರಗತಿಯಲ್ಲಿ ನಡೆದ ಪಾಠವನ್ನು ಆ ಗೋಡೆಯ ಭಾಷ್ಯವೆಂದು ತಿಳಿಯುವುದು ಹೆಚ್ಚು ಯುಕ್ತ. ಈ ಮಾತನ್ನು ಸ್ಥಾಪಿಸುವುದಕ್ಕೆ ಅವರ ಜೀವನದ ಎಲ್ಲ ಘಟ್ಟಗಳನ್ನೂ ಸಮನಾಗಿ ವಿವರಿಸುವ ಅಗತ್ಯವಿಲ್ಲ. ಕೆಲವನ್ನು ಮಾತ್ರ ನಿಧಾನವಾಗಿ ನೋಡಬೇಕು.

ಕನ್ನಡದ ಓದುಗರಿಗೆ ಬಂಗಾಳದ ಕಲಾಪಂಥವೆಂದರೆ ಮೊದಲು ನೆನಪಾಗುವವರು ಮೈಸೂರಿನ ಕೆ. ವೆಂಕಟಪ್ಪನವರು. 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಅವರಿಗೆ ನಂದಲಾಲ್ ಬೋಸ್ ಸಹಪಾಠಿಗಳಾಗಿದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥಕ್ಕೆ ಇಬ್ಬರೂ ಚಿತ್ರಗಳನ್ನು ಬರೆದಿದ್ದರು. ಆ ನಂದಲಾಲರೇ ಬಿನೋದ್‌ಬಿಹಾರಿಯವರ ಗುರುಗಳು. ಹೀಗಾಗಿ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ನೋಡಿ ಬಂಗಾಳಪಂಥವನ್ನು ಅರಿತ ಕನ್ನಡಿಗರು ಬಿನೋದ್‌ಬಿಹಾರಿಯವರ ಕೃತಿಗಳಲ್ಲಿಯೂ ಪುರಾಣದ ಸನ್ನಿವೇಶವನ್ನು, ಮಂಜಿನಂತೆ ಹಬ್ಬಿದ ತೆಳುವರ್ಣವನ್ನು, ಅತಿಸೂಕ್ಷ್ಮವಾದ ರೇಖೆಯನ್ನು ನಿರೀಕ್ಷಿಸಿದರೆ ಆಶ್ಚರ್ಯವಿಲ್ಲ. ಆ ನಿರೀಕ್ಷೆ ಪೂರ್ತಿ ಹುಸಿಹೋಗುತ್ತದೆ. ವೆಂಕಟಪ್ಪನವರು ಕೂಡ ಮುಂದೆ ಉದಕಮಂಡಲದ ಬೆಟ್ಟಗಳತ್ತ ಹೊರಳಿದರೆಂಬುದು ನಿಜ. ಆದರೆ ಅವರ ನಿಸರ್ಗಚಿತ್ರ ಒಬ್ಬ ಏಕಾಂತವಾಸಿಯ ಸಾಧನೆ. ಬಿನೋದ್‌ಬಿಹಾರಿಯವರು ಪುರಾಣವನ್ನು ಬಿಟ್ಟದ್ದು ಒಂದು ಶಾಲೆಯೊಳಗೆ, ಗುರುವಿನ ಕಣ್ಣೆದುರಿಗೆ, ಪುಸ್ತಕಗಳ ನೆರವಿನಿಂದ.

ಅವರು ಹುಟ್ಟಿದ್ದು ಕಲ್ಕತ್ತೆಯ ಬೆಹಾಲಾದಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದಕ್ಕೆ ತೀವ್ರವಾದ ಸಮೀಪದೃಷ್ಟಿ. ಈ ಕಾರಣದಿಂದ ಕ್ರಮಬದ್ಧವಾದ ಶಾಲಾಶಿಕ್ಷಣ ದೊರೆಯಲಿಲ್ಲ. 1917ರಲ್ಲಿ ಶಾಂತಿನಿಕೇತನದ ಶಾಲೆಗೆ ಬಂದು, 1919ರಲ್ಲಿ ಕಲಾಭವನ ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಇಷ್ಟು ಮಂದದೃಷ್ಟಿಯ ಹುಡುಗ ಚಿತ್ರ ಕಲಿಯಬಲ್ಲನೇ ಎಂದು ನಂದಲಾಲರು ಸಂದೇಹಪಟ್ಟಾಗ, ಆಸಕ್ತಿಯಿದ್ದರೆ ಅವನನ್ನು ಅವನ ಪಾಡಿಗೆ ಬಿಡಿರೆಂದು ರವೀಂದ್ರನಾಥರು ಸೂಚಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ‘ದುರಂತ ನಾಯಕ’ನ ಕಥೆ ಹೇಳುವವರು ಇಲ್ಲಿಂದ ನೇರವಾಗಿ ಅಂಧತ್ವಕ್ಕೆ ಜಿಗಿಯುತ್ತಾರೆ. ನಡುವಿನ ಮೂವತ್ತು ವರ್ಷಗಳಲ್ಲಿ ಅವರು ಏನನ್ನು ಓದಿದರು, ಏನನ್ನು ನೋಡಿದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

1925ರಲ್ಲಿ ಬಿನೋದ್‌ಬಿಹಾರಿಯವರು ಕಲಾಭವನದ ಅಧ್ಯಾಪಕ ವರ್ಗಕ್ಕೆ ಸೇರಿದರು. ಚಿತ್ರಕಲೆಯನ್ನು ಕಲಿಸುವುದರ ಜೊತೆಗೆ ಅಲ್ಲಿಯ ಗ್ರಂಥಾಲಯದ ಹೊಣೆಯೂ ಅವರ ಮೇಲೆ ಬಿತ್ತು. ಅವರ ಚರಿತ್ರೆಯನ್ನು ಬರೆಯುವವರು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ಈ ಸಂಗತಿಯನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ಆ ಕಾಲದ ಕಲಾಭವನ ಪರೀಕ್ಷೆ ಪದವಿಗಳ ಸುತ್ತ ಕಟ್ಟಿದ ಸಂಸ್ಥೆಯಾಗಿರಲಿಲ್ಲ. ಗೊತ್ತಾದ ಪಠ್ಯಕ್ರಮದ ಜಾಗದಲ್ಲಿ ಅಲ್ಲಿದ್ದುದು ಗುರುವಿನ ಸಹವಾಸ, ಸುತ್ತಣ ನಿಸರ್ಗ, ಮತ್ತು ಚೀನಾ, ಜಪಾನ್, ಯೂರೋಪುಗಳ ಚಿತ್ರಗಳ ಅಚ್ಚುಗಳಿದ್ದ ಪುಸ್ತಕಗಳು. ಇಪ್ಪತ್ತರ ದಶಕದ ಆರಂಭದಲ್ಲಿ ರವೀಂದ್ರನಾಥರ ಆಹ್ವಾನದ ಮೇಲೆ ಬಂದ ಸ್ಟೆಲ್ಲಾ ಕ್ರಾಮ್ರಿಷ್ ಯೂರೋಪಿನ ಕಲೆಯನ್ನು ಗಾಥಿಕ್ ಕಾಲದಿಂದ ದಾದಾ ಚಳವಳಿಯವರೆಗೆ ಅಲ್ಲಿ ಉಪನ್ಯಾಸಗಳಲ್ಲಿ ಪರಿಚಯಿಸಿದ್ದರು. ಭಾರತದ ಬೇರೆ ಕಲಾಶಾಲೆಗಳು ಗ್ರೀಕ್ ಮೂರ್ತಿಗಳ ಸುಣ್ಣದ ಅಚ್ಚುಗಳನ್ನು ನಕಲು ಮಾಡಿಸುತ್ತಿದ್ದ ದಿನಗಳಲ್ಲಿ ಬೀರ್‌ಭೂಮ್ ಜಿಲ್ಲೆಯ ಒಂದು ಬಯಲಿನಲ್ಲಿ ಕುಳಿತ ಕೆಲವೇ ವಿದ್ಯಾರ್ಥಿಗಳಿಗೆ ಜಗತ್ತಿನ ಚಿತ್ರಕಲೆ ಒಂದೇ ಮೇಜಿನ ಮೇಲೆ ಹರಡಿಕೊಂಡಿತ್ತು. ಪುಸ್ತಕವನ್ನು ಕಣ್ಣಿನ ಹತ್ತಿರ, ತೀರ ಹತ್ತಿರ, ಹಿಡಿದು ನೋಡಬೇಕಾಗಿದ್ದ ವ್ಯಕ್ತಿಗೆ ಗ್ರಂಥಾಲಯ ಪ್ರಪಂಚವೇ ಆಗಿದ್ದಿರಬೇಕು. ದೂರದ ಬೆಟ್ಟ ಕಾಣಿಸದವರಿಗೆ ಪುಟದೊಳಗಿನ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಅವರ ಚಿತ್ರಗಳ ವಸ್ತು ಪುಸ್ತಕದಿಂದ ಬಂದದ್ದಲ್ಲ. ಸಂತಾಲರ ಹಳ್ಳಿಗಳು, ತಾಳೆಯ ಮರಗಳು, ಮಳೆನೀರು ಕೊರೆದ ಕೆಂಪುಮಣ್ಣಿನ ‘ಖೋಯಾಯ್’ ಎಂಬ ಕೊರಕಲುಗಳು, ಬೇಸಗೆಯ ಬಿಕೋ ಎನ್ನುವ ಬಯಲು, ಇವೇ ಅವರಿಗೆ ಮೊದಲಿನಿಂದ ಇಷ್ಟವಾದವು. ರಾಷ್ಟ್ರೀಯತೆಯ ಆವೇಶದಲ್ಲಿ ಶಿವ ಪಾರ್ವತಿ, ಬುದ್ಧ, ಅಶೋಕರನ್ನು ಬರೆಯುವುದೇ ಭಾರತೀಯ ಕಲೆ ಎಂದುಕೊಂಡಿದ್ದ ಕಾಲದಲ್ಲಿ ಇಪ್ಪತ್ತರ ಹರೆಯದ ಯುವಕನೊಬ್ಬ ಹೆಸರಿಲ್ಲದ ಮರಗಳನ್ನು ಬರೆಯುತ್ತ ಕುಳಿತದ್ದು ಸಣ್ಣ ಸಂಗತಿಯಲ್ಲ. ಇತ್ತೀಚಿನ ವರ್ಷಗಳಲ್ಲಿ ಕೊಲ್ಕತ್ತದಲ್ಲಿ ಪ್ರದರ್ಶಿತವಾದ, 1924ರ ಒಂದು ಸುರುಳಿಚಿತ್ರ ಈ ದೃಷ್ಟಿಯಿಂದ ಗಮನಾರ್ಹವಾದುದು. 40 ಅಡಿಗೂ ಮಿಗಿಲಾದ ಉದ್ದ, ಅಂಗೈಯಗಲದ ಪಟ್ಟಿ. ಅದರ ತುಂಬ ಶಾಂತಿನಿಕೇತನದ ನೆಲ ಮತ್ತು ಗಿಡಮರಗಳು. ಇಂಥ ಸುರುಳಿಯನ್ನು ಒಮ್ಮೆಗೇ ನೋಡಲಾಗದು. ಎಡಗೈ ಬಿಚ್ಚಬೇಕು, ಬಲಗೈ ಸುತ್ತಬೇಕು. ಹಿಂದಿನದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕಾಣಬೇಕು. ಚೀನಾ, ಜಪಾನಿನ ಸಂಪ್ರದಾಯದಲ್ಲಿ ಇದು ಹಳೆಯ ಕ್ರಮ. ಬಂಗಾಳದ ಪಟುವರ ಕಥಾಪಟಗಳಲ್ಲಿಯೂ ಬೇರೊಂದು ರೀತಿಯಲ್ಲಿ ಇದೆ. ಚೌಕಟ್ಟಿನೊಳಗೆ ಒಂದು ಕಿಟಕಿಯಿಂದೆಂಬಂತೆ ಕಾಣುವ ಯೂರೋಪಿನ ನಿಸರ್ಗಚಿತ್ರಕ್ಕೆ ಇದು ಪರ್ಯಾಯವೆಂಬುದನ್ನು ಬಿನೋದ್‌ಬಿಹಾರಿಯವರು ಗುರುತಿಸಿದ್ದು ಒಬ್ಬ ಚರಿತ್ರೆಕಾರನ ಗುರುತಿಸುವಿಕೆ. ಅದನ್ನು ತಾವೇ ಮಾಡಿ ನೋಡಿದ್ದು ಮಾತ್ರ ಚಿತ್ರಕಾರನ ಸ್ವಭಾವ.

1937–38ರ ಜಪಾನ್ ಪ್ರವಾಸ ಈ ಅರಿವನ್ನು ಗಟ್ಟಿಮಾಡಿತು. ಅಲ್ಲಿ ಅವರ ಗಮನ ಸೆಳೆದವರು ಬಂಗಾಳದವರಿಗೆ ಒಕಾಕುರರ ಮೂಲಕ ಪರಿಚಿತರಾಗಿದ್ದ ಸಮಕಾಲೀನ ಜಪಾನೀ ಚಿತ್ರಕಾರರಲ್ಲ, ಹಳಬರು: ಸೆಶ್ಶು, ತವರಾಯಾ ಸೊತಾತ್ಸು, ಪ್ರಾಣಿಗಳ ವಿನೋದಸುರುಳಿಗಳಿಗೆ ಹೆಸರಾದ ತೋಬಾ ಸೋಜೋ. ಅವನೀಂದ್ರನಾಥರ ಪೀಳಿಗೆ ಜಪಾನಿನಿಂದ ತೆಗೆದುಕೊಂಡದ್ದು ಒಂದು ಬಗೆಯ ಮಂಜುಬಣ್ಣದ ವಾತಾವರಣವನ್ನು. ಬಿನೋದ್‌ಬಿಹಾರಿಯವರು ತೆಗೆದುಕೊಂಡದ್ದು ಜಾಗವನ್ನು ಹಂಚುವ ವಿಧಾನವನ್ನು. ಎರಡಕ್ಕೂ ‘ಜಪಾನೀ ಪ್ರಭಾವ’ ಎಂಬ ಒಂದೇ ಹಣೆಪಟ್ಟಿ ಅಂಟಿಸುವ ಬರಹಗಳನ್ನು ಓದಿದಾಗ, ಪ್ರಭಾವ ಎಂಬ ಶಬ್ದವನ್ನೇ ಸ್ವಲ್ಪ ಕಾಲ ದೂರವಿಡುವುದು ಮೇಲೆಂದು ನಮಗೆ ಅನಿಸಿದ್ದುಂಟು.

ಪ್ರವಾಸದಿಂದ ಮರಳಿದ ಮೇಲೆ, 1940ರಲ್ಲಿ, ಕಲಾಭವನದ ವಿದ್ಯಾರ್ಥಿನಿಲಯದ ಛಾವಣಿಯ ಒಳಮೈಯ ಮೇಲೆ ಅವರು ಬೀರ್‌ಭೂಮಿನ ಹಳ್ಳಿಯನ್ನು ಟೆಂಪೆರಾದಲ್ಲಿ ಬರೆದರು. ನಡುವೆ ಒಂದು ಕೊಳ. ಅದರ ಸುತ್ತ ಮರಗಳು, ಗುಡಿಸಲುಗಳು, ದನಕರು, ಕೆಲಸದಲ್ಲಿ ತೊಡಗಿದ ಜನ. ಛಾವಣಿಗೆ ಮೇಲು ಕೆಳಗು ಎಂಬುದಿಲ್ಲ. ಕೆಳಗೆ ನಿಂತವನು ಯಾವ ದಿಕ್ಕಿಗೆ ತಲೆಯಿಟ್ಟರೂ ಒಂದು ಅಂಚು ನೆಟ್ಟಗಾಗಿ ಇನ್ನೊಂದು ತಲೆಕೆಳಗಾಗುತ್ತದೆ. ಯೂರೋಪಿನ ಚರ್ಚುಗಳ ಛಾವಣಿಚಿತ್ರಕಾರರು ಈ ತೊಡಕನ್ನು ಬಿಡಿಸಿಕೊಂಡದ್ದು ಆಕಾಶವನ್ನು ಬಿಚ್ಚಿ ದೇವತೆಗಳನ್ನು ತೇಲಿಬಿಡುವುದರಿಂದ. ಬಿನೋದ್‌ಬಿಹಾರಿಯವರು ಆಕಾಶವನ್ನೇ ಬರೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಬರುವವನಿಗೆ ನೀರು ಸದಾ ಒಂದು ಮಗ್ಗುಲಲ್ಲಿಯೂ ಊರು ಇನ್ನೊಂದು ಮಗ್ಗುಲಲ್ಲಿಯೂ ಇರುತ್ತವೆ. ಆ ಸುತ್ತುವ ಅನುಭವವನ್ನು ಅವರು ಛಾವಣಿಗೆ ಏರಿಸಿದರು. ಅದೇ ವರ್ಷ ಕಲಾಭವನಕ್ಕೆ ವಿದ್ಯಾರ್ಥಿಯಾಗಿ ಬಂದವರು ಸತ್ಯಜಿತ್ ರಾಯ್. ನೆಲಕ್ಕೆ ಮೇಲಿನಿಂದ ನೋಡುವ ನಕ್ಷೆಯ ಗುಣವನ್ನೂ ಮರ ಮನುಷ್ಯರಿಗೆ ಎದುರಿನಿಂದ ನೋಡುವ ಗುಣವನ್ನೂ ಒಟ್ಟಿಗೆ ಕೊಡುವ ಈ ಕ್ರಮ ನಮ್ಮ ಕಿರುಚಿತ್ರಗಳಲ್ಲಿಯೂ ಹಳೆಯ ದೇಗುಲಗಳ ಭಿತ್ತಿಗಳಲ್ಲಿಯೂ ಇದ್ದದ್ದೇ. ಅದನ್ನು ಅಲಂಕಾರವೆಂದು ಎತ್ತಿಕೊಳ್ಳದೆ, ಒಂದು ನಿರ್ದಿಷ್ಟ ತೊಡಕಿಗೆ ಉತ್ತರವಾಗಿ ಬಳಸಿದ್ದು ಇಲ್ಲಿಯ ಹೊಸತು.

1942ರಲ್ಲಿ ಚೀನಾ ಭವನದ ಗೋಡೆಯ ಮೇಲೆ ಆಶ್ರಮದ ದಿನಚರಿಯನ್ನು ಬರೆದ ತರುವಾಯ ಬಂದದ್ದು ಹಿಂದಿ ಭವನದ ಭಿತ್ತಿಚಿತ್ರ. 1946–47ರಲ್ಲಿ ಮೂರು ಗೋಡೆಗಳ ಮೇಲ್ಭಾಗವನ್ನು ಆವರಿಸಿ ರಚಿತವಾದ ಇದರ ವಸ್ತು ಮಧ್ಯಯುಗದ ಸಂತರ ಜೀವನ. ಕ್ಷಿತಿಮೋಹನ ಸೇನರು ಸಂತಸಾಹಿತ್ಯವನ್ನು ಸಂಗ್ರಹಿಸಿ ವಿವೇಚಿಸಿದ್ದ, ಹಜಾರಿಪ್ರಸಾದ್ ದ್ವಿವೇದಿಯವರು ಕಬೀರನನ್ನು ಕುರಿತು ಬರೆದಿದ್ದ ಪರಿಸರ ಅದು. ವಸ್ತು ಎಲ್ಲಿಂದಲೋ ಇಳಿದು ಬಂದದ್ದಲ್ಲ. ರಾಮಾನುಜ, ಕಬೀರ, ಸೂರದಾಸ, ತುಳಸೀದಾಸ, ಗುರು ಗೋವಿಂದ ಸಿಂಹ ಮೊದಲಾದವರು ಇಲ್ಲಿ ಇದ್ದಾರೆ. ರಾಮಾನುಜರ ಬದುಕಿನ ಒಂದು ಭಾಗ ತೊಂಡನೂರು ಮೇಲುಕೋಟೆಗಳಲ್ಲಿ ಕಳೆಯಿತೆಂಬುದನ್ನು ಬಲ್ಲ ಕನ್ನಡಿಗರಿಗೆ ಬಂಗಾಳದ ಹಿಂದಿ ಭವನದಲ್ಲಿ ಅವರನ್ನು ಕಂಡಾಗ ಒಂದು ಸಂತೋಷವಾಗುತ್ತದೆ. ಬಸವಣ್ಣ ಅಲ್ಲಮರು ಇಂಥ ಸಂತಮಾಲೆಗಳಲ್ಲಿ ಸಾಮಾನ್ಯವಾಗಿ ಏಕೆ ಸೇರುವುದಿಲ್ಲ ಎಂಬುದು ಬೇರೆಯೇ ಚರ್ಚೆ. ಉತ್ತರದ ವಿದ್ವತ್ತು ಭಕ್ತಿಯ ಭೂಪಟವನ್ನು ಹೇಗೆ ಬರೆದುಕೊಂಡಿತೆಂಬುದಕ್ಕೆ ಅದು ಸೇರಿದ್ದು.

ಈ ಭಿತ್ತಿಯ ಮುಂದೆ ನಿಂತವರಿಗೆ ಮೊದಲು ತಟ್ಟುವುದು ಸಂತರಲ್ಲ, ಜನ. ಗುಂಪು ಗುಂಪಾಗಿ, ಒಬ್ಬರನ್ನೊಬ್ಬರು ಒತ್ತಿಕೊಂಡು, ನೀಳವಾದ ದೇಹಗಳ ಜನರು ನಡೆಯುತ್ತಿದ್ದಾರೆ, ಕುಳಿತಿದ್ದಾರೆ, ದುಡಿಯುತ್ತಿದ್ದಾರೆ. ಆಕೃತಿಗಳ ಗಾತ್ರ ಒಂದೇ ಅಳತೆಯದಲ್ಲ. ಆದರೆ ದೊಡ್ಡದು ಹತ್ತಿರದ್ದು, ಚಿಕ್ಕದು ದೂರದ್ದು ಎಂಬ ನಿಯಮಕ್ಕೂ ಅದು ಒಳಪಟ್ಟಿಲ್ಲ. ಇಡೀ ರಚನೆ ನದಿಯಂತೆ ಸಾಗುತ್ತದೆ: ಒಂದು ಕಡೆ ಇಕ್ಕಟ್ಟಾಗಿ ರಭಸ ಹೆಚ್ಚಿಸಿಕೊಂಡು, ಇನ್ನೊಂದು ಕಡೆ ಅಗಲವಾಗಿ ನಿಧಾನಿಸಿ. ಸಂತರನ್ನು ಹುಡುಕಬೇಕು. ನೇಕಾರ ಕಬೀರನಿಗೆ ಆತನ ನೆರೆಹೊರೆಯವರಿಗಿಂತ ಹೆಚ್ಚಿನ ಪೀಠವೇನೂ ಇಲ್ಲ. ಸುಮಾರು ಇದೇ ವರ್ಷಗಳಲ್ಲಿ ನಂದಲಾಲ್ ಬೋಸರು ಬರೋಡೆಯ ಕೀರ್ತಿಮಂದಿರದಲ್ಲಿ ಬರೆದು ಮುಗಿಸಿದ ಗಂಗಾವತರಣ, ಮೀರಾಬಾಯಿ ಮೊದಲಾದ ಭಿತ್ತಿಚಿತ್ರಗಳೊಡನೆ ಹೋಲಿಸಿದರೆ ಗುರುಶಿಷ್ಯರ ದಾರಿ ಎಲ್ಲಿ ಕವಲೊಡೆಯಿತೆಂಬುದು ತಿಳಿಯುತ್ತದೆ. ನಂದಲಾಲರಲ್ಲಿ ಒಂದು ಪ್ರಸಂಗ ಇದೆ, ಅದಕ್ಕೆ ಒಂದು ಕೇಂದ್ರ ಇದೆ. ಶಿಷ್ಯ ಪ್ರಸಂಗವನ್ನು ಕರಗಿಸಿ ಚಲನೆಯನ್ನು ಮಾತ್ರ ಉಳಿಸಿಕೊಂಡರು.

ಕಲಾಚರಿತ್ರೆಕಾರ ಆರ್. ಶಿವಕುಮಾರ್ ಅವರು ಈ ಕೃತಿಯಲ್ಲಿ ಜೊತ್ತೊ ಮತ್ತು ಸೊತಾತ್ಸು, ಅಜಂತಾ ಮತ್ತು ಮಾಮಲ್ಲಪುರಗಳ ಪಾಠಗಳು ಒಂದುಗೂಡಿರುವುದನ್ನು ಗುರುತಿಸಿದ್ದಾರೆ. ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಕೇಳಿದಾಗ ಇದು ಶೈಲಿಗಳ ಕಲಸುಮೇಲೋಗರವೇ ಎಂಬ ಅನುಮಾನ ಬರುವುದು ಸಹಜ. ಗೋಡೆಯನ್ನು ನೋಡಿದವರಿಗೆ ಆ ಅನುಮಾನ ಉಳಿಯುವುದಿಲ್ಲ. ಇಲ್ಲಿ ಅಜಂತಾದ ಕಣ್ಣುಗಳಿಲ್ಲ, ಜೊತ್ತೊನ ಪ್ರಭಾವಳಿಗಳಿಲ್ಲ, ಸೊತಾತ್ಸುವಿನ ಚಿನ್ನದ ಹಿನ್ನೆಲೆಯಿಲ್ಲ. ಅವರಿಂದ ಪಡೆದದ್ದು ಗುಂಪನ್ನು ಗುಂಪಾಗಿ ನಿಲ್ಲಿಸುವ ಬಗೆ, ಎರಡು ಗುಂಪುಗಳ ನಡುವಿನ ಬರಿದನ್ನು ತೂಗುವ ಬಗೆ, ಕಥೆಗೆ ಅಂಕಪರದೆಗಳನ್ನು ಹಾಕದೆ ಮುಂದೊಯ್ಯುವ ಬಗೆ. ಮಾಮಲ್ಲಪುರದ ಬೃಹತ್ ಬಂಡೆಯಲ್ಲಿ ಬಿರುಕು ಹೇಗೆ ನದಿಯಾಗಿ ಎಲ್ಲ ಪ್ರಾಣಿಗಳನ್ನೂ ತನ್ನತ್ತ ತಿರುಗಿಸಿಕೊಂಡಿದೆಯೋ ಅಂಥದೇ ಎಳೆತ ಈ ಗೋಡೆಗಳಲ್ಲಿಯೂ ಇದೆ. ಬೇರೆ ಬೇರೆ ಕಾಲ ದೇಶಗಳ ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವುಗಳ ಹೊರರೂಪವನ್ನು ಕಳಚಿ, ಒಳಗಿನ ಕಟ್ಟಡದಲ್ಲಿ ಸಾಮ್ಯವನ್ನು ಕಾಣುವುದೇ ತೌಲನಿಕ ಕಲಾಚರಿತ್ರೆಯ ಕೆಲಸವಾದರೆ, ಆ ಶಾಸ್ತ್ರದ ಇಷ್ಟು ಸಮರ್ಥವಾದ ಪ್ರಬಂಧವನ್ನು ಆ ಕಾಲದ ಭಾರತದಲ್ಲಿ ಬೇರೆ ಯಾರೂ ಕಾಗದದ ಮೇಲೆಯೂ ಬರೆದಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ತಂತ್ರದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಇದು ಹಸಿಯಾದ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕದಡಿದ ಬಣ್ಣದಿಂದ ಬರೆದ ಫ್ರೆಸ್ಕೋ. ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ಗಾರೆ ಒಣಗುವ ಮುನ್ನ ಕೆಲಸ ಮುಗಿಯಬೇಕು. ಒಣಗಿದ ಮೇಲೆ ತಿದ್ದುವಂತಿಲ್ಲ, ತಪ್ಪಿದರೆ ಕೆತ್ತಿ ತೆಗೆಯಬೇಕು. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಗೋಡೆಯಷ್ಟೇ ದೊಡ್ಡದಾದ ಪೂರ್ವರೇಖನವನ್ನು ಕಾಗದದ ಮೇಲೆ ಸಿದ್ಧಪಡಿಸಿಕೊಂಡು, ಅದನ್ನು ಗೋಡೆಗೆ ಇಳಿಸುತ್ತಾರೆ. ಬಿನೋದ್‌ಬಿಹಾರಿಯವರು ಹಾಗೆ ಮಾಡಲಿಲ್ಲ. ಚಿಕ್ಕ ಚಿಕ್ಕ ಕರಡುಚಿತ್ರಗಳನ್ನು ಮುಂದಿಟ್ಟುಕೊಂಡು ನೇರವಾಗಿ ಗೋಡೆಯ ಮೇಲೆ ಬರೆದರು. ನೆರವಿಗೆ ಇದ್ದವರಲ್ಲಿ ಪತ್ನಿ ಲೀಲಾ ಅವರೂ ವಿದ್ಯಾರ್ಥಿ ಕೆ.ಜಿ. ಸುಬ್ರಮಣ್ಯನ್ ಅವರೂ ಸೇರಿದ್ದರು. ಒಂದೇ ಕಣ್ಣು, ಅದೂ ಸಮೀಪದೃಷ್ಟಿಯದು, ಗೋಡೆಗೆ ಮುಖವಿಟ್ಟು ಬರೆಯುವವರಿಗೆ ಆ ಕ್ಷಣಕ್ಕೆ ಕಾಣುವುದು ಕೆಲವು ಅಂಗುಲಗಳ ಗಾರೆ. ಹಿಂದೆ ಸರಿದು ನಿಂತರೆ ವಿವರ ಮಸುಕಾಗುತ್ತದೆ. ನಾವು ಇಂದು ಹಿಂದಿ ಭವನದ ನಡುವೆ ನಿಂತು ಸಲೀಸಾಗಿ ಕಾಣುವ ಒಟ್ಟುನೋಟ ಅದರ ಕರ್ತೃವಿಗೆ ಅಷ್ಟು ಸ್ಪಷ್ಟವಾಗಿ ದೊರೆತಿರಲಾರದೆಂದು ಊಹಿಸಲು ಅಡ್ಡಿಯಿಲ್ಲ. ಹಾಗಾದರೆ ಆ ಒಟ್ಟುನೋಟ ಎಲ್ಲಿತ್ತು? ಸುರುಳಿಚಿತ್ರಗಳಲ್ಲಿ ಕಲಿತ ನೆನಪಿನಲ್ಲಿ, ಗ್ರಂಥಾಲಯದಲ್ಲಿ ರೂಢಿಸಿಕೊಂಡ ಸಂಬಂಧಜ್ಞಾನದಲ್ಲಿ ಇತ್ತು. ಮುಂದೆ ಹತ್ತು ವರ್ಷಗಳ ಮೇಲೆ ದೃಷ್ಟಿ ಹೋದಾಗ ‘ಹುಟ್ಟಿಕೊಂಡಿತು’ ಎನ್ನಲಾಗುವ ಒಳಗಣ್ಣು, ಹೀಗೆ ನೋಡಿದರೆ, ಆಗಲೇ ಕೆಲಸ ಮಾಡುತ್ತಿತ್ತು. ಅದಕ್ಕೆ ಒಳಗಣ್ಣು ಎಂಬ ಆಧ್ಯಾತ್ಮಿಕ ಹೆಸರಿಗಿಂತ ಅಭ್ಯಾಸ ಎಂಬ ಸಾದಾ ಹೆಸರು ಹೆಚ್ಚು ಹೊಂದುತ್ತದೆ.

1947ರಲ್ಲಿ ಮುಗಿದ ಸಂತರ ಭಿತ್ತಿಚಿತ್ರವನ್ನು ದೇಶವಿಭಜನೆಯ ಹಿಂಸೆಗೆ ಕೊಟ್ಟ ಉತ್ತರವೆಂದು ಓದುವ ಪ್ರಯತ್ನಗಳೂ ಇವೆ. ಆ ಓದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ವಸ್ತುವಿನ ಪಟ್ಟಿಯಿಂದ ಹೊರಡುವ ಓದು. ಹಿಂದೂ, ಮುಸ್ಲಿಂ, ಸಿಖ್ ಹೆಸರುಗಳನ್ನು ಒಂದು ಗೋಡೆಯಲ್ಲಿ ಸೇರಿಸುವುದು ಆ ಕಾಲದ ಎಷ್ಟೋ ಸಾಧಾರಣ ಚಿತ್ರಕಾರರಿಗೂ ಸಾಧ್ಯವಿತ್ತು. ಯಾವ ಮಹಾಪುರುಷನೂ ಜನರ ಗುಂಪಿನಿಂದ ಮೇಲೆದ್ದು ನಿಲ್ಲದಂಥ ಒಂದು ರಚನೆಯನ್ನು, ನಾಯಕರ ಚಿತ್ರಗಳೇ ಎಲ್ಲೆಲ್ಲೂ ತೂಗಿದ್ದ ಆ ವರ್ಷ ಗೋಡೆಗೆ ತಂದದ್ದರಲ್ಲಿ ಅದರ ರಾಜಕೀಯವಿದೆ. ಇನ್ನೊಂದು ಅಡ್ಡಮಾತು: ಅಂಧನೆಂದು ಸಂಪ್ರದಾಯ ಹೇಳುವ ಸೂರದಾಸನನ್ನು ಬಿನೋದ್‌ಬಿಹಾರಿಯವರು ಬರೆದದ್ದರಲ್ಲಿ ಭವಿಷ್ಯದ ಸೂಚನೆ ಕಾಣುವವರಿದ್ದರೆ, ಅವರಿಗೆ ನಮ್ಮ ಉತ್ತರವಿಷ್ಟೆ: ಸಂತರ ಚಿತ್ರದಲ್ಲಿ ಸೂರದಾಸ ಇರಲೇಬೇಕಾದವನು.

ಇದಾದ ಮೇಲಿನ ದಶಕ ಅಲೆದಾಟದ್ದು. 1949ರಲ್ಲಿ ಶಾಂತಿನಿಕೇತನವನ್ನು ಬಿಟ್ಟು ಕಾಠ್ಮಂಡುವಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾದರು, ಆಮೇಲೆ ರಾಜಸ್ಥಾನದ ವನಸ್ಥಲಿ ವಿದ್ಯಾಪೀಠ, ಮಸ್ಸೂರಿಯಲ್ಲಿ ಪತ್ನಿಯೊಡನೆ ನಡೆಸಿದ ಕಲಾಶಿಕ್ಷಣದ ಪ್ರಯೋಗ, ಅಲ್ಲಿಂದ ಪಟ್ನಾ. ನೇಪಾಳದ ಕಸುಬುದಾರರ ಕೆಲಸವನ್ನು ಹತ್ತಿರದಿಂದ ಕಂಡದ್ದು ಇಬ್ಬರಿಗೂ ಉಪಯೋಗಕ್ಕೆ ಬಂದಿತು. ಲೀಲಾ ಅವರು ಮರದ ಕೆತ್ತನೆಯತ್ತ ಹೊರಳಿದರು. ಐವತ್ತರ ದಶಕದ ಉತ್ತರಾರ್ಧದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ವಿಫಲವಾಗಿ ಉಳಿದಿದ್ದ ದೃಷ್ಟಿಯೂ ಹೋಯಿತು.

1958ರಲ್ಲಿ ಅವರು ಕಲಾಭವನಕ್ಕೆ ಹಿಂತಿರುಗಿ ಕಲಾಚರಿತ್ರೆ ಮತ್ತು ಕಲಾಸಿದ್ಧಾಂತಗಳನ್ನು ಬೋಧಿಸತೊಡಗಿದರು. ಮುಂದೆ ಅದರ ಪ್ರಾಚಾರ್ಯರೂ ಆದರು. ಕಾಣದ ವ್ಯಕ್ತಿ ಚಿತ್ರದ ಚರಿತ್ರೆಯನ್ನು ಕಲಿಸುವುದೆಂದರೇನು ಎಂಬ ಪ್ರಶ್ನೆಯನ್ನು ಕರುಣೆಯಿಂದಲೂ ಬೆರಗಿನಿಂದಲೂ ಬಿಡಿಸಿ ಕೇಳಿಕೊಳ್ಳಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಲಾಚರಿತ್ರೆಯ ತರಗತಿಯೆಂದರೆ ಬಹುಮಟ್ಟಿಗೆ ಕತ್ತಲೆಯ ಕೋಣೆ ಮತ್ತು ಬೆಳಕಿನ ಪರದೆ: ಇದು ಇಂಥ ಶತಮಾನದ್ದು, ಇಂಥ ಶೈಲಿಯದು, ಇಂಥವರು ಬರೆದದ್ದು ಎಂದು ಗುರುತು ಹಿಡಿಯುವ ವಿದ್ಯೆ. ಆ ವಿದ್ಯೆಗೆ ಕಣ್ಣು ಅನಿವಾರ್ಯ. ಆದರೆ ಒಂದು ಆಕೃತಿ ಇನ್ನೊಂದಕ್ಕೆ ಹೇಗೆ ಸಂಬಂಧಿಸುತ್ತದೆ, ಗೋಡೆ ಏನನ್ನು ಬೇಡುತ್ತದೆ, ಸುರುಳಿ ಏನನ್ನು ಬೇಡುತ್ತದೆ, ಒಂದು ತಂತ್ರ ಯಾವ ತೊಡಕಿಗೆ ಪರಿಹಾರವಾಗಿ ಹುಟ್ಟಿತು ಎಂಬುದನ್ನು ಕಲಿಸುವವನಿಗೆ, ಆತ ಅದನ್ನೆಲ್ಲ ತನ್ನ ಕೈಯಿಂದಲೇ ಮಾಡಿದ್ದ ಪಕ್ಷದಲ್ಲಿ, ಪರದೆಯ ಅಗತ್ಯ ಅಷ್ಟಿಲ್ಲ. ‘ಆಧುನಿಕ ಶಿಲ್ಪಶಿಕ್ಷಾ’ದಂಥ ಅವರ ಬಂಗಾಳಿ ಬರಹಗಳಲ್ಲಿಯೂ ಅವನೀಂದ್ರನಾಥ, ನಂದಲಾಲರನ್ನು ಕುರಿತ ಪ್ರಬಂಧಗಳಲ್ಲಿಯೂ ಕಾಣುವುದು ಇದೇ ಮನೋಧರ್ಮ. ಪರಂಪರೆ ಎಂಬುದು ಅವರಿಗೆ ರಾಷ್ಟ್ರದ ಆತ್ಮವಲ್ಲ, ಕಸುಬಿನ ಭಾಷೆ.

ಇದರ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಸ್ತು‌ತಿಯಾದೀತು. 1958ರ ಅನಂತರ ಜಗತ್ತಿನ ಚಿತ್ರಕಲೆ ಬಹಳ ಬದಲಾಯಿತು. ಬಾಂಬೆ, ಬರೋಡೆ, ಮದ್ರಾಸುಗಳಲ್ಲಿ ಹೊಸ ತಲೆಮಾರು ಬಂದಿತು. ಅವುಗಳಲ್ಲಿ ಯಾವುದನ್ನೂ ಅವರು ಸ್ವತಃ ನೋಡಲಾರದವರಾಗಿದ್ದರು. ಅವರ ಕಲಾಚರಿತ್ರೆ ತಾವು ಕಂಡದ್ದರ ಒಳಗೆ ಅತ್ಯಂತ ಆಳವಾದದ್ದು. ಆ ಗಡಿಯಾಚೆಗೆ ಅದು ಬೇರೆಯವರ ಮಾತನ್ನು ಅವಲಂಬಿಸಬೇಕಾಗಿತ್ತು.

ಅಂಧತ್ವದ ಕಾಲದ ಕೃತಿಗಳ ಬಗ್ಗೆಯೂ ಇದೇ ನಿಷ್ಠುರತೆ ಬೇಕು. ರೇಖಾಚಿತ್ರಗಳು, ಚಿಕ್ಕ ಶಿಲ್ಪಗಳು, ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದ ಚಿತ್ರಗಳು, 1972ರಲ್ಲಿ ಕಲಾಭವನದ ಗೋಡೆಗೆ ಮಾಡಿದ ಸುಟ್ಟಮಣ್ಣಿನ ಬಿಲ್ಲೆಗಳ ಭಿತ್ತಿಚಿತ್ರ, ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಪವಾಡವೆನ್ನುವುದು ಅವುಗಳನ್ನು ನೋಡದೆಯೇ ಹೊಗಳಿದಂತೆ. ನಮಗೆ ಕಾಗದದ ಚಿತ್ರಗಳು ಎಲ್ಲಕ್ಕಿಂತ ಮೇಲಾದವು. ಕತ್ತರಿ ಹರಿದ ಅಂಚನ್ನು ಬೆರಳು ಓದಬಲ್ಲದು. ಹಾಳೆಯನ್ನು ಮಡಿಸಿ, ತುಂಡಿನ ಪಕ್ಕ ತುಂಡನ್ನು ಇಟ್ಟು, ನಡುವಿನ ಅಂತರವನ್ನು ಮುಟ್ಟಿ ಅಳೆಯಬಹುದು. ಹಿಂದೆ ಗೋಡೆಯ ಮೇಲೆ ಮಾಡಿದ್ದ ಜಾಗದ ಹಂಚಿಕೆ ಇಲ್ಲಿ ಅಂಗೈಯಳತೆಗೆ ಇಳಿದು ಇನ್ನೂ ಚುರುಕಾಗಿದೆ. ಬಿಲ್ಲೆಗಳ ಭಿತ್ತಿಚಿತ್ರದ ಮಾತು ಬೇರೆ. ಬಿಡಿ ಬಿಡಿಯಾಗಿ ಸೊಗಸಾದ ಆಕೃತಿಗಳು ಒಂದರ ಪಕ್ಕ ಒಂದು ನಿಂತಿವೆ. ಹಿಂದಿ ಭವನದ ಹರಿವು ಅಲ್ಲಿಲ್ಲ. ಈ ಭೇದವನ್ನು ಎಣಿಸುವುದು ಅವರಿಗೆ ಅಗೌರವವಲ್ಲ. ಶಿಷ್ಯರ ಕೆಲಸವನ್ನು ತೂಗಿ ನೋಡುವುದೇ ಅವರ ವೃತ್ತಿಯಾಗಿತ್ತು.

1974ರಲ್ಲಿ ಪದ್ಮವಿಭೂಷಣ, 1977ರಲ್ಲಿ ವಿಶ್ವಭಾರತಿಯ ದೇಶಿಕೋತ್ತಮ ಸಂದವು. ಇವುಗಳಿಗಿಂತ ಅವರ ಶಿಷ್ಯಪರಂಪರೆಯ ಜಾಡು ನಮಗೆ ಹೆಚ್ಚು ಪ್ರಸ್ತುತ. ಹಿಂದಿ ಭವನದಲ್ಲಿ ಕೈಗೂಡಿಸಿದ್ದ ಸುಬ್ರಮಣ್ಯನ್ 1951ರಿಂದ ಬರೋಡೆಯಲ್ಲಿ ಅಧ್ಯಾಪಕರಾದರು. ಬರೆಯುವ ಚಿತ್ರಕಾರ ಎಂಬ ಮಾದರಿ ಅವರ ಮೂಲಕ ಪಶ್ಚಿಮ ಭಾರತಕ್ಕೆ ಬಂದಿತು. ಚಿತ್ರಕಾರರಾಗಿದ್ದೂ ಅಲ್ಲಿ ಕಲಾಚರಿತ್ರೆಯನ್ನು ಕಲಿಸಿದ ಗುಲಾಂ ಮೊಹಮ್ಮದ್ ಶೇಖ್ ಅದೇ ಸಾಲಿನವರು. ಬಿನೋದ್‌ಬಿಹಾರಿಯವರ ಜನ್ಮಶತಮಾನೋತ್ಸವದ ನಿಮಿತ್ತ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ಸಮಗ್ರ ಪ್ರದರ್ಶನವನ್ನು ಆರ್. ಶಿವಕುಮಾರ್ ಅವರೊಡನೆ ರೂಪಿಸಿದವರೂ ಶೇಖ್ ಅವರೇ. ಮಗಳು ಮೃಣಾಲಿನಿ ಮುಖರ್ಜಿ (1949–2015) ಬರೋಡೆಯಲ್ಲಿ ಸುಬ್ರಮಣ್ಯನ್ ಅವರಲ್ಲಿ ಕಲಿತು ಸೆಣಬಿನ ಹುರಿಯ ಗಂಟುಗಳಿಂದ ಶಿಲ್ಪಗಳನ್ನು ಕಟ್ಟಿದರು. 1980ರಲ್ಲಿ ಸುಬ್ರಮಣ್ಯನ್ ಶಾಂತಿನಿಕೇತನಕ್ಕೆ ಮರಳಿದ ಮೇಲೆ ಅವರ ವಿದ್ಯಾರ್ಥಿಯಾದವರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತಿದ್ದ ಶೀಲಾ ಗೌಡ ಒಬ್ಬರು. ವೆಂಕಟಪ್ಪನವರಿಂದ ಕಡಿದುಹೋಗಿದ್ದ ಬಂಗಾಳದ ಎಳೆ ಹೀಗೆ ಸುತ್ತಿಬಳಸಿ, ಗುರುತೇ ಸಿಗದಷ್ಟು ಬದಲಾಗಿ, ಕರ್ನಾಟಕಕ್ಕೆ ಮತ್ತೆ ತಲುಪಿತು.

ಅವರು ಬರೆದದ್ದು ಬಹುಪಾಲು ಬಂಗಾಳಿಯಲ್ಲಿ ಎಂಬುದನ್ನು ಸಂಶೋಧಕರು ಮರೆಯಬಾರದು. ಅಂಧರಾದ ಮೇಲೆ ಹೇಳಿ ಬರೆಯಿಸಿದ ಆತ್ಮಕಥನ ‘ಚಿತ್ರಕರ್’ ಅನ್ನು ಸುಬ್ರಮಣ್ಯನ್ ಇಂಗ್ಲಿಷಿಗೆ ಅನುವಾದಿಸಿದರು. ಅಷ್ಟರಲ್ಲಿ ಮೂಲಲೇಖಕರು ತೀರಿಕೊಂಡು ಇಪ್ಪತ್ತೈದು ವರ್ಷಗಳಾಗಿದ್ದವು. ಕನ್ನಡದಲ್ಲಿ ಶಿವರಾಮ ಕಾರಂತರು 1930ರಷ್ಟು ಹಿಂದೆಯೇ ಭಾರತೀಯ ಚಿತ್ರಕಲೆಯ ಮೇಲೆ ಪುಸ್ತಕ ಬರೆದರು. ಅದು ಸಾಹಿತಿಯೊಬ್ಬರ ಕುತೂಹಲದ ಫಲ. ಕುಂಚ ಹಿಡಿದವರೇ ತಾಯ್ನುಡಿಯಲ್ಲಿ ತಮ್ಮ ಕಸುಬಿನ ಚರಿತ್ರೆಯನ್ನು ಆ ಮಟ್ಟದಲ್ಲಿ ವಿವೇಚಿಸುವ ರೂಢಿ ನಮ್ಮಲ್ಲಿ ಬೇರೂರಿದ್ದು ತಡವಾಗಿ. ದೆಹಲಿ, ಪುಣೆ, ಹೈದರಾಬಾದುಗಳಲ್ಲಿ ಕುಳಿತು ತೌಲನಿಕ ಅಧ್ಯಯನ ಮಾಡುವ ಕನ್ನಡ ಸಂಶೋಧಕರಿಗೆ ಬಂಗಾಳಿಯ ಈ ಗದ್ಯ ಒಳ್ಳೆಯ ಸಾಮಗ್ರಿಯಾಗಬಲ್ಲದು.

ಭಿತ್ತಿಚಿತ್ರದ ವಿಷಯದಲ್ಲಿ ಮಾತ್ರ ಪುಸ್ತಕಗಳನ್ನು ನಂಬಿ ಫಲವಿಲ್ಲ. ಅಚ್ಚಿನಲ್ಲಿ ಬರುವುದು ಅದರ ತುಂಡುಗಳು. ತುಂಡು ಮಾಡಿದೊಡನೆ ಒಬ್ಬ ಸಂತ ನಡುವೆ ಬಂದು ನಾಯಕನಾಗಿಬಿಡುತ್ತಾನೆ. 2023ರಲ್ಲಿ ಶಾಂತಿನಿಕೇತನ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದೆ. ಹೋಗುವವರು ಹಿಂದಿ ಭವನದಲ್ಲಿ ಒಂದೆಡೆ ನಿಲ್ಲದೆ, ಗೋಡೆಯ ಜೊತೆಗೇ ನಡೆಯುತ್ತ ನೋಡಬೇಕು. ಮೂರನೆಯ ಗೋಡೆಗೆ ಬಂದಾಗ ಮೊದಲನೆಯದು ಎಷ್ಟು ನೆನಪಿದೆಯೆಂದು ಒಮ್ಮೆ ಕಣ್ಣು ಮುಚ್ಚಿ ಪರೀಕ್ಷಿಸಿಕೊಳ್ಳಬಹುದು.